ಹೊಗೆ ಬಾರದ ಲಾರಿ

ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸೈಲೆನ್ಸರಿನಿಂದ ಹೊಗೆ ಬರುವುದಿಲ್ಲ. ಈ ಒಂದು ಮಾತನ್ನು ಆ ವಾರ ಎಷ್ಟು ಜನರ ಮುಂದೆ ಹೇಳಿದೆನೋ ನನಗೇ ನೆನಪಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿದವಳು ಸೀರೆ ಉಟ್ಟಿದ್ದಳು, ಅದಕ್ಕೇ ಇರಬೇಕು. ಇದೇ ಮಾತನ್ನು ಮೀಸೆ ಇದ್ದವನೊಬ್ಬ ಆಡಿದ್ದರೆ ನಾಲ್ಕು ಜನ ಬಾನೆಟ್ ಸುತ್ತ ನಿಂತು ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು.

ಹೊಗೆ ಬರಲಿಲ್ಲ ಎಂದರೆ ಡೀಸೆಲ್ ಎಂಜಿನ್‌ವರೆಗೆ ಮುಟ್ಟಿಲ್ಲ ಎಂದೇ ಅರ್ಥ. ಮುಟ್ಟಿಯೂ ಉರಿಯದಿದ್ದರೆ ಬಿಳಿ ಹೊಗೆಯಾದರೂ ಬರಬೇಕು. ಇದನ್ನು ನನಗೆ ಕಲಿಸಿದವರು ನನ್ನ ಗಂಡ. ಆದರೆ ಆ ವಾರ ಅವರೂ ನನ್ನ ಮಾತು ನಂಬುವ ಸ್ಥಿತಿಯಲ್ಲಿ ಇರಲಿಲ್ಲ.

ನಮ್ಮದು ಗಲಗಲಿಯ ಕಡೆ ಹೊಳೆದಂಡೆಯ ಊರು. ಗಂಡನ ಮನೆಯವರು ಕುರಿ ಕಾಯ್ದು ಬದುಕಿದವರು, ಬೀರೇಶ್ವರನ ಒಕ್ಕಲು. ಅಣೆಕಟ್ಟಿನ ಹಿನ್ನೀರು ಏರಿ ಮೇಯಿಸುವ ಜಾಗ ಕಡಿಮೆಯಾದಾಗ ಅಣ್ಣತಮ್ಮಂದಿರು ಇಬ್ಬರೂ ಕೂಡಿ ಅರ್ಧ ಹಿಂಡು ಮಾರಿ ಈ ಲಾರಿ ತಂದರಂತೆ. ನಾನು ಮದುವೆಯಾಗಿ ಬಂದಾಗ ಅದು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿತ್ತು, ಆಗಲೇ ಹಳೆಯದು. ಅತ್ತೆಗೆ ಮಾತ್ರ ಅದು ಲಾರಿ ಅಲ್ಲವೇ ಅಲ್ಲ. ಮಾರಿದ ಕುರಿಗಳ ಬದಲಿಗೆ ಬಂದದ್ದು, ಹಾಗಾಗಿ ಹಿಂಡಿಗೆ ಸೇರಿದ್ದು. ಅದಕ್ಕೆ ‘ಟಗರ’ ಎಂದೇ ಕರೆಯುತ್ತಿದ್ದರು. ನಾನು ಬಾಡಿಗೆ ಮುಗಿಸಿ ಬಂದರೆ, ನಾನು ಉಂಡೆನೋ ಇಲ್ಲವೋ ಎಂದು ಕೇಳುವ ಮೊದಲು, ‘ಟಗರ ದಣದಿಲ್ಲ ಹೌದಲ್ಲ?’ ಎಂದು ಕೇಳುತ್ತಿದ್ದರು. ಮೊದಮೊದಲು ಇದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾನೂ ಟಗರ ಎನ್ನತೊಡಗಿದೆ.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಎದುರಿನ ಗಾಡಿ ಒಂದೋ ಎರಡೋ ಎಂದು ತಿಳಿಯದಾದಾಗ ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದರು. ಡ್ರೈವರ್ ಇಟ್ಟೆವು, ಇಬ್ಬರು ಬಂದು ಇಬ್ಬರೂ ಬಿಟ್ಟುಹೋದರು. ಆಗ ನಾನೇ ಕಲಿಯುತ್ತೇನೆ ಎಂದೆ. ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿದವಳು ನಾನು, ಕ್ಲಚ್ಚು ಗೇರು ನನಗೆ ಹೊಸದಲ್ಲ. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಗಂಡ ಪಕ್ಕದಲ್ಲಿ ಕೂತು ಕಲಿಸಿದರು. ದೊಡ್ಡ ಗಾಡಿಯ ಲೈಸನ್ಸನ್ನೂ ಮಾಡಿಸಿಕೊಂಡೆ. ಅಂದಿನಿಂದ ಬನಹಟ್ಟಿಗೆ ನೂಲಿನ ಮೂಟೆ, ಮುಧೋಳದಿಂದ ಬೆಲ್ಲ, ಕುರುಬರ ಹಟ್ಟಿಗಳಿಂದ ಜಮಖಂಡಿ ಕಡೆಯ ದ್ರಾಕ್ಷಿ ತೋಟಗಳಿಗೆ ಕುರಿ ಗೊಬ್ಬರ. ಗೊಬ್ಬರದ ಬಾಡಿಗೆ ಬೇರೆಯವರಿಗೆ ಬೇಡ, ಕ್ಯಾಬಿನ್ ನಾರುತ್ತದೆ ಎನ್ನುತ್ತಾರೆ. ನನಗೆ ನಾರುವುದಿಲ್ಲ.

ಇದನ್ನು ನಾಚಿಕೆ ಇಲ್ಲದೆ ಬರೆಯುತ್ತೇನೆ. ಆ ಸೀಟಿನ ಮೇಲೆ ಕೂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ರಸ್ತೆ ನನಗಾಗಿಯೇ ಬಿದ್ದಿರುತ್ತದೆ. ಹೆದರಿಕೆ, ಮನೆಯ ಕಿರಿಕಿರಿ, ಗಂಡನ ಕಣ್ಣಿನ ಚಿಂತೆ ಎಲ್ಲ ಹಿಂದಿನ ಧೂಳಿನಲ್ಲಿ ಉಳಿದುಬಿಡುತ್ತವೆ. ಆ ಸೀಟು ಕಳೆದುಕೊಂಡರೆ ನಾನು ಮತ್ತೆ ಒಲೆಯ ಮುಂದೆ ಕೂತು ಯಾವನಾದರೂ ಡ್ರೈವರ್ ಬರುವ ದಾರಿ ಕಾಯಬೇಕು. ಅದು ನನ್ನಿಂದ ಆಗುವುದಿಲ್ಲ.

ತೊಂದರೆ ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಲೋಡ್ ಇದ್ದಾಗ ಏರಿನಲ್ಲಿ ಗಾಡಿ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ಎಕ್ಸಲೇಟರ್ ಒತ್ತಿದಷ್ಟೂ ಜಗ್ಗುವುದು ಕಡಿಮೆ. ಬೀಳಗಿಯಲ್ಲಿ ಫಿಲ್ಟರ್ ಬದಲಿಸಿದೆ, ಒಂದಷ್ಟು ದಿನ ಸರಿಹೋಯಿತು. ಮತ್ತೆ ಅದೇ ಗೋಳು. ಮತ್ತೆ ಫಿಲ್ಟರ್. ಆಮೇಲೆ ನಡುದಾರಿಯಲ್ಲೇ ನಿಲ್ಲತೊಡಗಿತು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಚಾಲೂ ಆಗುತ್ತಿತ್ತು, ಮತ್ತೆ ನಾಲ್ಕು ಕಿಲೋಮೀಟರಿಗೆ ನಿಲ್ಲುತ್ತಿತ್ತು. ಕೊನೆಗೆ ಒಂದು ದಿನ ರಬಕವಿಗೆ ಹೋಗುವ ದಾರಿಯಲ್ಲಿ ನಿಂತದ್ದು ಮತ್ತೆ ಚಾಲೂ ಆಗಲೇ ಇಲ್ಲ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಮನೆಗೆ ಎಳೆಸಿಕೊಂಡು ಬಂದೆ. ಊರೊಳಗೆ ಬರುವಾಗ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಂತು ನೋಡಿದರು. ಇಷ್ಟು ಮರ್ಯಾದೆ ನನಗೆ ಮೊದಲು ಯಾವತ್ತೂ ಸಿಕ್ಕಿರಲಿಲ್ಲ.

ಜಮಖಂಡಿಯಿಂದ ಮಿಸ್ತ್ರಿ ಬಂದ. ಬೈಕಿನಿಂದ ಇಳಿದು, ಎರಡು ಸಲ ಸೆಲ್ಫ್ ಹೊಡೆಸಿ, ಬೀಡಿ ಹಚ್ಚಿ, ‘ಪಂಪ್ ಹೋಗೇತ್ರಿ ಅಕ್ಕಾರ. ಈ ಗಾಡಿಗಿ ಪಂಪ್ ಮಾಡಸೂದಕ್ಕಿಂತ ಗುಜರಿಗಿ ಹಾಕೂದ ಛಲೋ’ ಎಂದ. ಒಂದು ನಟ್ಟನ್ನೂ ಬಿಚ್ಚಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯವನು. ನಾನು ಕೇಳಿದೆ: ‘ಪಂಪ್ ಸವದಿದ್ರ ಗಾಡಿ ಬಿಸಿ ಆದಾಗ ಮೊಂಡ ಹಿಡೀಬೇಕು. ಮುಂಜಾನೆ ತಣ್ಣಗಿದ್ದಾಗ ಹಿಡಕೋಬೇಕಲ್ಲ? ಇದು ಮುಂಜಾನೆನೂ ಹಿಡಕೊಳ್ಳಾಕ ಒಲ್ದು.’ ಅವನು ನನ್ನನ್ನು ನೋಡಲಿಲ್ಲ, ನನ್ನ ಗಂಡನನ್ನು ನೋಡಿ ನಕ್ಕ. ‘ನಿಮ್ಮ ಮನಿಯಾಗ ಮಿಸ್ತ್ರಿ ಅದಾರಲ್ರಿ, ನನ್ಯಾಕ ಕರಸಿದ್ರಿ’ ಎಂದು ಹೋದ.

ಮರುದಿನ ಬೀಳಗಿಯಿಂದ ಭಾವ ಬಂದರು, ನನ್ನ ಗಂಡನ ಅಣ್ಣ. ಅವರು ಅಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡು ಬೇರೆ ಮನೆ ಮಾಡಿದ್ದಾರೆ. ಲಾರಿಯ ಕಾಗದ ಇಂದಿಗೂ ಅವರ ಹೆಸರಿನಲ್ಲಿದೆ. ಕೆಟ್ಟವರಲ್ಲ. ಗಂಡನಿಗೆ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಕೂತವರು. ಆದರೆ ನಾನು ಲಾರಿ ಹತ್ತಿದ ದಿನದಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದರು. ಅಂದು ನೀರು ಕುಡಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದರು:

‘ತಂಗಿ, ಸಿಟ್ಟಿಲೆ ಹೇಳಾಕತ್ತಿಲ್ಲ ನಾ. ಗಾಡಿಗಿ ವಯಸ್ಸಾತು. ಹೆಣ್ಣಮಗಳ ಕೈಯಾಗ ಕೊಟ್ಟಿದ್ದು ದೇವರಿಗೂ ಸೇರಿಲ್ಲಂತ ಕಾಣತೈತಿ. ನಾಡದು ಗುಜರಿಯಾವ ಬರತಾನ.’

‘ದೇವರು ನಿಮ್ಮ ಕಿವ್ಯಾಗ ಬಂದು ಹೇಳ್ಯಾನೇನ್ರಿ ಭಾವಾರ? ನನಗ ಹೇಳಿಲ್ಲ.’

‘ಸುಮ್ಮನಿರ,’ ಎಂದರು ನನ್ನ ಗಂಡ. ಆಮೇಲೆ ಮೆಲ್ಲಗೆ, ‘ಅಣ್ಣ ಹೇಳೂದು ಖರೆ ಐತಿ. ಕೊಟ್ಟಬಿಡೂನು’ ಎಂದರು.

ಭಾವನ ಮಾತು ನನಗೆ ಅಷ್ಟು ತಾಗಲಿಲ್ಲ, ಇದು ತಾಗಿತು. ನನಗೆ ಸ್ಟೀರಿಂಗ್ ಹಿಡಿಸಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅಳು ಬಂತು, ಆದರೆ ಇವರ ಮುಂದೆ ಅತ್ತರೆ ಲಾರಿ ಅಂದೇ ಹೋಗುತ್ತಿತ್ತು. ಅದಕ್ಕೆ ದನಿ ಏರಿಸಿದೆ.

‘ಗುಜರಿಯಾವ ಬರೂತನಕ ಟೈಮ್ ಕೊಡ್ರಿ. ಅವ ಬಂದಾಗ ಗಾಡಿ ಚಾಲೂ ಆಗದಿದ್ರ ನಾನ ಕೀಲಿ ತಂದು ಅವನ ಕೈಯಾಗ ಇಡತೇನಿ. ಚಾಲೂ ಆತಂದ್ರ ಮಾರೂ ಮಾತು ಮತ್ತ ಈ ಮನಿಯಾಗ ಎತ್ತಬಾರದು.’

ಭಾವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ‘ಆಗ್ಲಿ. ಮಾತಂದ್ರ ಮಾತು’ ಎಂದರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನನಗೆ ಭಾವನ ಮೇಲೆ ಸಂಶಯವಿತ್ತು. ಒಂದು ತಿಂಗಳ ಹಿಂದೆ, ಅವರು ಮನೆಗೆ ಬಂದುಹೋದ ಮರುದಿನ, ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲಾಗಿ ಕೂತಿತ್ತು. ನಾನು ಮುಚ್ಚಳವನ್ನು ಹಾಗೆ ಬಿಡುವವಳಲ್ಲ, ಕೈ ನೋಯುವ ತನಕ ತಿರುಗಿಸುತ್ತೇನೆ. ಡೀಸೆಲ್ ಕದ್ದಿರಲಿಲ್ಲ, ಕಡ್ಡಿ ಇಳಿಸಿ ನೋಡಿದ್ದೆ. ಹಾಗಾದರೆ ತೆಗೆದವರು ಯಾಕೆ ತೆಗೆದರು? ಏನಾದರೂ ಹಾಕಲಿಕ್ಕೇ ಇರಬೇಕು. ಈ ಮಾತನ್ನು ಗಂಡನಿಗೂ ಹೇಳಲಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡೆ, ಅದು ಅಲ್ಲೇ ಕೊಳೆಯಿತು.

ನಡುವಿನ ದಿನವೆಲ್ಲ ಬೇರೆ ಮಿಸ್ತ್ರಿಗಳ ಬೆನ್ನು ಹತ್ತಿ ತಿರುಗಿದೆ, ಯಾರೂ ಬರಲಿಲ್ಲ. ಗುಜರಿಯವನು ಬರುವ ದಿನ ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ, ಸೀರೆಯ ಕಚ್ಚೆ ಬಿಗಿದು, ಗಂಡನ ಹಳೆಯ ಅಂಗಿ ಮೇಲೆ ತೊಟ್ಟುಕೊಂಡೆ. ನಟ್ಟು ಬಿಚ್ಚುವ ಪಾನಾಗಳ ಡಬ್ಬಿ ತಂದೆ. ಹಗ್ಗದ ಹೊರಸನ್ನು ಬೇವಿನ ಮರದ ಕೆಳಗೆ ಹಾಕಿ ಗಂಡನನ್ನು ಅದರ ಮೇಲೆ ಕೂಡಿಸಿದೆ.

‘ನಿಮಗ ಕಾಣೂದಿಲ್ಲ, ಕೇಳಸತೈತಲ್ಲ? ಕೇಳ್ರಿ. ನಾ ಮಾಡಿದ್ದ ಹೇಳತೀನಿ, ನೀವು ಮುಂದಿಂದು ಹೇಳ್ರಿ.’

‘ಏನ ಉಪಯೋಗ?’

‘ಉಪಯೋಗ ಆಮ್ಯಾಲ. ಮೊದಲ ಹೇಳ್ರಿ.’

ಅವರು ನಿಟ್ಟುಸಿರು ಬಿಟ್ಟು, ‘ಹ್ಯಾಂಡ್ ಪಂಪ್ ಹೊಡೆದು ನೋಡು’ ಎಂದರು.

ಡೀಸೆಲ್ಲಿನ ದಾರಿ ಸರಳ. ಟ್ಯಾಂಕಿನಿಂದ ಒಂದು ಪೈಪು, ಅದರ ತುದಿಗೆ ಎಣ್ಣೆ ಎಳೆದು ಮುಂದೆ ತಳ್ಳುವ ಸಣ್ಣ ಪಂಪು, ಅದಕ್ಕೇ ಕೈಯಿಂದ ಒತ್ತುವ ಒಂದು ಗುಬಟು, ಅದೇ ಹ್ಯಾಂಡ್ ಪಂಪು. ಅಲ್ಲಿಂದ ಫಿಲ್ಟರಿಗೆ, ಫಿಲ್ಟರಿನಿಂದ ದೊಡ್ಡ ಪಂಪಿಗೆ, ಅಲ್ಲಿಂದ ಎಂಜಿನ್ನಿಗೆ. ಮಿಸ್ತ್ರಿ ಸತ್ತಿದೆ ಎಂದದ್ದು ದೊಡ್ಡ ಪಂಪನ್ನು. ಎಲ್ಲೋ ನೀರು ಬರುತ್ತಿಲ್ಲ ಎಂದರೆ ಕಾಲುವೆಯ ತಲೆಯಿಂದ ನೋಡುತ್ತ ಬರಬೇಕು ತಾನೆ? ಅವನು ಹೊಲದಲ್ಲಿ ನಿಂತು ಬೆಳೆ ಸತ್ತಿದೆ ಎಂದು ಹೇಳಿ ಹೋಗಿದ್ದ.

ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಗುಬಟು ಒತ್ತಿದೆ. ಎರಡು ಸಲ ಪುಸ್ ಎಂದಿತು, ಆಮೇಲೆ ಏನೂ ಇಲ್ಲ. ಗುಬಟನ್ನು ಮೇಲೆ ಎಳೆಯಲು ಹೋದರೆ ಭಾರ. ಬಿಟ್ಟರೆ ತಾನೇ ಒಳಗೆ ಇಳಿದುಹೋಗುತ್ತಿತ್ತು.

‘ಬುರುಗು ಬರಾಕತ್ತೈತೇನು?’ ಎಂದರು ಗಂಡ.

‘ಇಲ್ಲ. ಮ್ಯಾಲ ಎಳದ್ರ ಬಿಗಿ ಹಿಡಿತೈತಿ. ಒಳಗಿಂದ ಯಾರೋ ಜಗ್ಗಿದಂಗ.’

ಅವರು ಹೊರಸಿನ ಮೇಲೆ ನೆಟ್ಟಗೆ ಕೂತರು. ಬಹಳ ದಿನಗಳ ಮೇಲೆ ಅವರ ದನಿಯಲ್ಲಿ ಹುರುಪು ಕೇಳಿದೆ. ‘ಹಂಗಾರ ಏರ್ ಹಿಡದಿಲ್ಲ. ಏರ್ ಹಿಡದ್ರ ಹಗೂರ ಬರತೈತಿ, ಬುರುಗು ಬರತೈತಿ. ಇದು ಕಟ್ಟೈತಿ. ಟ್ಯಾಂಕಿಗೂ ಪಂಪಿಗೂ ನಡಕ ಎಲ್ಲೋ ಕಟ್ಟೈತಿ.’

ಕುರಿಯ ಕೆಚ್ಚಲು ಕಟ್ಟಿದಾಗಲೂ ಹೀಗೇ. ಹಿಂಡಿದರೆ ಬರುವುದಿಲ್ಲ, ಕೈಗೆ ಗಟ್ಟಿ ಹತ್ತುತ್ತದೆ. ಈ ಮನೆಗೆ ಬಂದು ಅದಷ್ಟನ್ನು ನಾನು ಚೆನ್ನಾಗಿ ಕಲಿತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಾ ಅತ್ತಿ, ಇಲ್ಲಿ ಕೂಡು ಎಂದರೆ ಬರಲಿಲ್ಲ. ಬೆಳಗ್ಗೆ ಅವರು ರೊಟ್ಟಿಯನ್ನೂ ಮುಟ್ಟಿರಲಿಲ್ಲ. ಟಗರ ಹೋಗುತ್ತದೆ ಎಂಬ ಸಂಕಟ ಎಂದುಕೊಂಡೆ.

ಹದಿನೇಳರ ಪಾನಾ ಹಾಕಿ ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಕಡೆ ಬಿಚ್ಚಿದೆ. ತುದಿಗೆ ಬಾಯಿಟ್ಟು ಎಳೆದೆ. ಡೀಸೆಲ್ ಬಾಯಿಗೆ ಬರದ ಡ್ರೈವರ್ ಇಲ್ಲ, ಅದಕ್ಕೆ ನಾಚಿಕೊಂಡು ಆಗುವುದಿಲ್ಲ. ಆದರೆ ಕೆನ್ನೆ ಒಳಗೆ ಹೋದವೇ ಹೊರತು ಹನಿಯೂ ಬರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ತಂದು ಪೈಪಿಗೆ ಅರಿವೆ ಸುತ್ತಿ ಬಿಗಿದು, ಹಿಮ್ಮುಖವಾಗಿ ಗಾಳಿ ಹೊಡೆದೆ. ಹತ್ತು ಹೊಡೆತಕ್ಕೆ ಏನೂ ಆಗಲಿಲ್ಲ. ಹದಿನೈದಕ್ಕೋ ಹದಿನಾರಕ್ಕೋ ಟ್ಯಾಂಕಿನೊಳಗೆ ಗುಳಗುಳ ಎಂದಿತು.

‘ಬಿಟ್ತು!’ ಎಂದರು ಗಂಡ. ನನಗಿಂತ ಮೊದಲು ಅವರಿಗೇ ಕೇಳಿಸಿತ್ತು.

ಮತ್ತೆ ಬಾಯಿಟ್ಟು ಎಳೆದೆ. ಈ ಸಲ ಬಂತು, ಬಾಯಿ ತುಂಬ ಬಂತು. ಉಗುಳಿದೆ. ನಾಲಿಗೆ ಮೇಲೆ ಡೀಸೆಲ್ಲಿನ ಉರಿಯ ಹಿಂದೆ ಇನ್ನೊಂದು ರುಚಿ ಉಳಿಯಿತು. ಒಗರು, ಕಹಿ, ಅಡುಗೆಮನೆಯದು. ನೆಲದ ಮೇಲೆ ಉಗುಳಿದ್ದನ್ನು ನೋಡಿದೆ. ಅರಿಶಿನ.

ಅಷ್ಟರಲ್ಲಿ ಭಾವನ ಬೈಕು ಬಂದು ಲಾರಿಯ ಮುಂದೆಯೇ ನಿಂತಿತು. ಅದರ ಹಿಂದೆ ಸಣ್ಣ ಟೆಂಪೊದಲ್ಲಿ ಗುಜರಿಯವನು. ಅವನು ಇಳಿದವನೇ ಲಾರಿಯ ಸುತ್ತ ಒಂದು ಸುತ್ತು ಹಾಕಿ ಟೈರುಗಳನ್ನು ಕಾಲಿನಿಂದ ಒದ್ದು ನೋಡಿದ. ಆ ಒದೆತ ನನಗೇ ಬಿದ್ದ ಹಾಗಾಯಿತು.

‘ಚಾಲೂ ಆತೇನ ತಂಗಿ?’ ಎಂದರು ಭಾವ.

ಟ್ಯಾಂಕಿನ ಕೆಳಗೆ ಬಕೆಟ್ಟು ಇಟ್ಟು ತಳದ ಬೋಲ್ಟು ಬಿಚ್ಚಿದೆ. ಮೊದಲು ಡೀಸೆಲ್ ಬಂತು, ಕಲಕಿದ ಹಳದಿ. ಆಮೇಲೆ ಕೆಸರಿನಂತೆ ದಪ್ಪಗೆ, ಮುದ್ದೆ ಮುದ್ದೆಯಾಗಿ ಬಿತ್ತು. ಟ್ಯಾಂಕಿನ ಮೇಲಿಂದ ಒಳಗಿಳಿದು ಡೀಸೆಲ್ ಎಳೆಯುವ ಕೊಳವೆಯನ್ನೂ ಬಿಚ್ಚಿ ಹೊರಗೆ ತೆಗೆದೆ. ಅದರ ತುದಿಯ ಜಾಲರಿ, ಅರಿಶಿನ ಹಚ್ಚಿ ಕೂಡಿಸಿದ ಮದುಮಗಳ ಮುಖದ ಹಾಗೆ, ಗಾಳಿ ತೂರಿದ ಒಂದೆರಡು ತೂತು ಬಿಟ್ಟು ಪೂರ್ತಿ ಮೆತ್ತಿಹೋಗಿತ್ತು. ಬೆರಳಿನಲ್ಲಿ ತೆಗೆದು ಮೂಸಿದೆ. ಅಡುಗೆಯ ಅರಿಶಿನವಲ್ಲ, ಭಂಡಾರ. ದೇವರ ಗುಡಿಯಿಂದ ತಂದು ಹಣೆಗೆ ಹಚ್ಚಿ, ಕುರಿಗಳ ಮೇಲೆ ತೂರುತ್ತೇವಲ್ಲ, ಅದೇ.

ತಿಂಗಳಿನಿಂದ ಹೊಟ್ಟೆಯಲ್ಲಿ ಕೊಳೆತದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. ಜಾಲರಿಯನ್ನು ಭಾವನ ಮುಖದ ಹತ್ತಿರ ಹಿಡಿದೆ.

‘ನೋಡ್ರಿ ಇಲ್ಲಿ. ದೇವರಿಗಿ ಸೇರಿಲ್ಲಂದ್ರಲ್ಲ, ದೇವರ ಭಂಡಾರನ ಟ್ಯಾಂಕಿನ್ಯಾಗ ಹಾಕಿ ಗಾಡಿ ಕೆಡಿಸೀರಿ. ನೀವು ಬಂದುಹೋದ ಮರುದಿನ ಮುಚ್ಚಳ ಸಡ್ಲ ಇತ್ತು, ನನಗೇನ ಕಣ್ಣಿಲ್ಲಂತ ತಿಳಿದೀರೇನು? ಹೆಣ್ಣಮಗಳು ಗಾಡಿ ಹೊಡಿಯೂದು ನೋಡಾಕ ಆಗಲಿಲ್ಲಂದ್ರ ನನಗ ಅನ್ನಬೇಕಿತ್ತು. ಈ ಮೂಕ ಗಾಡಿ ಏನ ಮಾಡಿತ್ತು ನಿಮಗ?’

ಭಾವ ಒಂದು ಹೆಜ್ಜೆ ಹಿಂದೆ ಸರಿದರು. ಗುಜರಿಯವನು ಟೈರು ಒದೆಯುವುದನ್ನು ನಿಲ್ಲಿಸಿದ. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಎರಡನ್ನೂ ಒಟ್ಟಿಗೇ ಮಾಡಿದ್ದೆ, ಆದರೆ ಆಗ ನನಗೆ ಅದು ತಿಳಿಯಲಿಲ್ಲ. ಹೇಳಿ ಹಗುರಾಯಿತು ಎಂದೇ ಅನಿಸಿತು.

‘ಅವಂಗ ಬೈಬ್ಯಾಡ ಬೇ.’

ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂಗಳಕ್ಕೆ ಇಳಿದಿದ್ದರು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

‘ನಾ ಹಾಕೇನಿ.’

ಅವರು ನನ್ನನ್ನು ನೋಡಿ ಹೇಳುತ್ತಿದ್ದರೂ ಮಾತು ಲಾರಿಗೇ ಹೇಳಿದಂತಿತ್ತು.

‘ಮೇವ ಬಿಟ್ಟ ಕುರಿಗಿ ಬಾಯಾಗ ಭಂಡಾರ ಹಾಕೂದಿಲ್ಲೇನು? ಇದು ಏರಿ ಮ್ಯಾಲ ಕೆಮ್ಮತೈತಿ ಅಂತ ನೀನ ಹೇಳಿದಿ. ಅಮಾಸಿ ದಿನ ಬೀರಪ್ಪನ ಹೆಸರ ಹೇಳಿ ಒಂದ ಮುಷ್ಟಿ ಹಾಕಿದ್ನಿ. ಮರುದಿನ ಎಷ್ಟ ಛಲೋ ಓಡ್ತು. ಆಮ್ಯಾಲ ಮತ್ತ ಕೆಮ್ಮಾಕ ಹತ್ತು. ಮತ್ತ ಹಾಕಿದ್ನಿ. ಜಡ್ಡ ಹೆಚ್ಚಾದಂಗ ಹೆಚ್ಚ ಹಾಕಿದ್ನಿ. ನನ್ನ ಕೈಲೆ ಮುಚ್ಚಳ ಬಿಗಿ ಆಗಲಿಲ್ಲ.’

ಮೊದಲ ಸಲ ಮರುದಿನ ಚೆನ್ನಾಗಿ ಓಡಿದ್ದು ನಾನು ಬೀಳಗಿಯಲ್ಲಿ ಫಿಲ್ಟರ್ ಬದಲಿಸಿದ್ದಕ್ಕೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅತ್ತೆಗೆ ಎರಡನೆಯ ಮುಷ್ಟಿ ಹಾಕುವ ಧೈರ್ಯ ಬರುತ್ತಿರಲಿಲ್ಲ. ಎರಡನೆಯ ಫಿಲ್ಟರ್ ತೆಗೆದಾಗ ಅದು ಹಳದಿಯಾಗಿತ್ತೇ? ಇದ್ದಿರಬೇಕು. ಅಂಗಡಿಯವನು ಬಿಚ್ಚಿ ಬಿಸಾಡಿದ, ನಾನು ಚಹಾ ಕುಡಿಯುತ್ತ ಕೂತಿದ್ದೆ. ಮಿಸ್ತ್ರಿ ನಟ್ಟು ಬಿಚ್ಚಲಿಲ್ಲ ಎಂದು ಬೈದವಳು ನಾನು.

ಅತ್ತೆ ಲಾರಿಯ ಹತ್ತಿರ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದರು.

‘ನಾನ ಕೊಂದ್ನೇನು ಬೇ ಅದನ್ನ?’

ಈ ಜಗತ್ತಿನಲ್ಲಿ ಈ ಲಾರಿ ಬದುಕಲಿ ಎಂದು ನನ್ನಷ್ಟೇ ಬಯಸಿದವರು ಇನ್ನೊಬ್ಬರು ಇದ್ದರೆ ಅದು ಇವರೇ.

‘ಇಲ್ಲ ಅತ್ತಿ. ಹೊಟ್ಟಿ ಕಟ್ಟೈತಿ, ಅಷ್ಟ. ಔಷಧ ಛಲೋನ ಇತ್ತು, ಇದರ ಹೊಟ್ಟಿಗಿ ಒಗ್ಗಲಿಲ್ಲ. ತೊಳದ್ರ ಹೋಕ್ಕೈತಿ.’

ಆಗ ಗುಜರಿಯವನು ಕೆಮ್ಮಿದ. ‘ಏನ್ರಿ ಸಾವಕಾರ, ಗಾಡಿ ಚಾಲೂ ಅಂತೂ ಇಲ್ಲ. ಹಗ್ಗ ಹಾಕೂದೇನು?’

ಅವನ ಮಾತು ಸರಿಯೇ. ಅವನು ಬಂದಾಗ ಚಾಲೂ ಆಗಿರಬೇಕು ಎಂದು ಮಾತು ಕೊಟ್ಟವಳು ನಾನು. ಆಗಿರಲಿಲ್ಲ. ಪೈಪು ಬಿಚ್ಚಿ ಬಿದ್ದಿತ್ತು, ಟ್ಯಾಂಕಿನ ತಳ ತೆರೆದಿತ್ತು. ಕೀಲಿ ನನ್ನ ಸೊಂಟದಲ್ಲಿತ್ತು. ಎಲ್ಲರೂ ಭಾವನನ್ನು ನೋಡಿದರು. ಹೊರಗಿನವರ ಮುಂದೆ ನಾನು ಅವರ ಮಾನ ತೆಗೆದು ಇನ್ನೂ ಐದು ನಿಮಿಷ ಆಗಿರಲಿಲ್ಲ. ಅವರು ಕೈ ಚಾಚಿ ಕೀಲಿ ಕೇಳಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ, ನಾನೂ ಅನ್ನುವ ಹಾಗಿರಲಿಲ್ಲ.

ಭಾವ ತಾಯಿಯನ್ನು ನೋಡಿದರು. ಆಮೇಲೆ ಹೋಗಿ ತಮ್ಮನ ಪಕ್ಕದಲ್ಲಿ ಹೊರಸಿನ ಮೇಲೆ ಕೂತರು.

‘ಒಂದ ತಾಸು ಕುಂದ್ರಪಾ,’ ಎಂದರು ಗುಜರಿಯವನಿಗೆ. ನನ್ನ ಕಡೆ ನೋಡಲಿಲ್ಲ.

ಆ ಒಂದು ತಾಸು ನಾನು ಹೇಗೆ ಕೆಲಸ ಮಾಡಿದೆನೋ. ಕೈಬಳೆಗಳನ್ನು ಮೊಣಕೈ ಮೇಲೆ ಸರಿಸಿ ಅರಿವೆಯಿಂದ ಕಟ್ಟಿದೆ. ಟ್ಯಾಂಕಿನ ಬಾಯಲ್ಲಿ ತೋಳು ಇಳಿಸಿ ತಳ ಬಳಿದೆ. ಗಂಡಸಿನ ತೋಳು ಅಲ್ಲಿ ಇಳಿಯುವುದಿಲ್ಲ, ಅದಕ್ಕಾದರೂ ನಾನು ಬೇಕಾಯಿತು. ಕ್ಯಾನಿನಲ್ಲಿ ಇಟ್ಟಿದ್ದ ಹೊಸ ಡೀಸೆಲ್ಲಿನಿಂದ ಎರಡು ಸಲ ತೊಳೆದು ಚೆಲ್ಲಿದೆ. ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದು ಅತ್ತೆ. ಬೇಡ ಎಂದರೂ ಕೇಳಲಿಲ್ಲ, ನೆಲದ ಮೇಲೆ ಕೂತು ಒಂದೊಂದು ತೂತನ್ನೂ ಬೆಳಕಿಗೆ ಹಿಡಿದು ನೋಡಿ ತಿಕ್ಕಿದರು. ಮನೆಯಲ್ಲಿದ್ದ ಕೊನೆಯ ಹೊಸ ಫಿಲ್ಟರ್ ಹಾಕಿದೆ. ಪೈಪು ಬಿಗಿದೆ. ಉಳಿದ ಡೀಸೆಲ್ ಸುರಿದೆ.

‘ಗುಬಟ ಒತ್ತು,’ ಎಂದರು ಗಂಡ.

ಒತ್ತಿದೆ. ಈ ಸಲ ಮೆತ್ತಗೆ ಇಳಿಯಿತು, ಮೆತ್ತಗೆ ಏರಿತು. ಸ್ಕ್ರೂ ಬಳಿಯಿಂದ ಬುರುಗು ಬಂತು, ಆಮೇಲೆ ಗುಳ್ಳೆ ಕಡಿಮೆಯಾಗಿ ನೆಟ್ಟನೆಯ ಧಾರೆ ಬಂತು. ಸ್ಕ್ರೂ ಬಿಗಿದೆ. ಎಂಜಿನ್ನಿನ ತಲೆಗೆ ಹೋಗುವ ಪೈಪುಗಳ ನಟ್ಟು ಅರ್ಧ ಸುತ್ತು ಸಡಿಲಿಸಿ ಕ್ಯಾಬಿನ್ನಿಗೆ ಹತ್ತಿ ಸೆಲ್ಫ್ ಹೊಡೆದೆ. ಇಳಿದು ನೋಡಿದರೆ ನಟ್ಟುಗಳ ಬುಡ ಒದ್ದೆಯಾಗಿತ್ತು. ದೊಡ್ಡ ಪಂಪು ಸತ್ತಿರಲಿಲ್ಲ, ಉಪವಾಸ ಬಿದ್ದಿತ್ತು. ನಟ್ಟು ಬಿಗಿದು ಮತ್ತೆ ಹತ್ತಿದೆ.

‘ಈಗ ಹೊಡಿ,’ ಎಂದರು ಗಂಡ. ಅವರು ಎದ್ದು ನಿಂತಿದ್ದರು.

ಮೊದಲ ಸಲ ಬರೀ ತಿರುಗಿತು. ಎರಡನೆಯ ಸಲ ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು. ‘ಹೊಗಿ ಬಂತು, ಹೊಗಿ ಬಂತು,’ ಎಂದರು ಅತ್ತೆ. ಮೂರನೆಯದಕ್ಕೆ ಒಂದು ಸಿಲಿಂಡರ್ ಹಿಡಿಯಿತು, ಇನ್ನೊಂದು ಹಿಡಿಯಿತು, ಇಡೀ ಕ್ಯಾಬಿನ್ ಗಡಗಡ ನಡುಗಿ, ಕರಿ ಹೊಗೆಯ ಒಂದು ಮುದ್ದೆ ಬೇವಿನ ಮರಕ್ಕೆ ಹೊಡೆದು, ಲಾರಿ ಚಾಲೂ ಆಯಿತು. ಎಕ್ಸಲೇಟರ್ ಒತ್ತಿದೆ, ಬಿಟ್ಟೆ, ಒತ್ತಿದೆ. ನಿಲ್ಲಲಿಲ್ಲ. ನಾನು ಸ್ಟೀರಿಂಗ್ ಮೇಲೆ ಹಣೆ ಇಟ್ಟು ಅತ್ತುಬಿಟ್ಟೆ. ಈಗ ಅಳಬಹುದಿತ್ತು.

ಗುಜರಿಯವನು ಟೆಂಪೊ ತಿರುಗಿಸಿಕೊಂಡು ಹೋದ. ಭಾವ ಹೊರಸಿನಿಂದ ಎದ್ದು ಬಂದು ಕ್ಯಾಬಿನ್ನಿನ ಬಾಗಿಲ ಕೆಳಗೆ ನಿಂತರು. ನನ್ನ ಮಾತು ಅವರ ಮುಖದ ಮೇಲೆ ಇನ್ನೂ ಹಾಗೇ ಇತ್ತು. ಇಳಿದು ಕಾಲು ಮುಟ್ಟಬೇಕು ಎಂದು ಒಂದು ಮನಸ್ಸು. ಇಳಿದರೆ ಮತ್ತೆ ಈ ಸೀಟಿಗೆ ಹತ್ತಲು ಯಾರನ್ನಾದರೂ ಕೇಳಬೇಕಾಗುತ್ತದೇನೋ ಎಂದು ಇನ್ನೊಂದು. ಎಂಜಿನ್ ಬಂದ್ ಮಾಡಲಿಲ್ಲ. ಇಳಿಯಲೂ ಇಲ್ಲ. ಕಿಟಕಿಯಿಂದ ಬಗ್ಗಿ, ಓಣಿಯಲ್ಲಿ ನಿಂತಿದ್ದ ಆ ಇಬ್ಬರಿಗೂ ಕೇಳುವ ಹಾಗೆ, ಎಂಜಿನ್ನಿನ ಸದ್ದಿಗಿಂತ ಜೋರಾಗಿ ಹೇಳಿದೆ:

‘ತಪ್ಪಾತ್ರಿ ಭಾವಾರ. ನಾ ಹಂಗ ಅನ್ನಬಾರದಿತ್ತು. ನಾಕ ಮಂದಿ ಮುಂದ ಅಂದೇನಿ, ನಾಕ ಮಂದಿ ಮುಂದನ ತಪ್ಪಾತಂತೀನಿ. ಗಾಡಿ ಮಾತ್ರ ಕೊಡೂದಿಲ್ಲ.’

ಅವರು ನನ್ನ ಮುಖವನ್ನು ನೇರವಾಗಿ ನೋಡಿದರು. ನಾನು ಲಾರಿ ಹತ್ತಿದ ಮೇಲೆ ಅವರು ಹಾಗೆ ನೋಡಿದ್ದು ಅದೇ ಮೊದಲು. ಆಮೇಲೆ ಹೋಗಿ, ಲಾರಿಯ ಮುಂದೆ ನಿಲ್ಲಿಸಿದ್ದ ತಮ್ಮ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ತಳ್ಳಿಕೊಂಡು ದಾರಿಯ ಬದಿಗೆ ನಿಂತರು.